ಹಿಮ ಬಿದ್ದರೆ ಸಾಲದು: ಕ್ರಿಸ್‌ಮಸ್ ಪ್ರೇಮ ಕಾದಂಬರಿಗಳನ್ನು ಓದುವ ಕ್ರಮ

ಕೊನೆಯಲ್ಲಿ ಇಬ್ಬರೂ ಒಂದಾಗುತ್ತಾರೆ ಎಂದು ಮೊದಲ ಪುಟದಲ್ಲೇ ಗೊತ್ತಾಗುವ ಪುಸ್ತಕವನ್ನು ಯಾಕಾದರೂ ಓದುತ್ತೀರಿ ಎಂದು ಕೇಳುವವರು ಎಲ್ಲ ಊರಿನಲ್ಲೂ ಇದ್ದಾರೆ. ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತಳಾದ ನನ್ನ ಬಳಿ ಅದಕ್ಕೆ ಸಿದ್ಧ ಉತ್ತರವಿದೆ. ಗಣಿತದ ಪುಸ್ತಕದ ಕೊನೆಯಲ್ಲಿ ಉತ್ತರಗಳೆಲ್ಲ ಅಚ್ಚಾಗಿರುತ್ತವೆ. ಅಂಕ ಬರುವುದು ಹಂತಗಳಿಗೆ. ಪ್ರೇಮ ಕಾದಂಬರಿಯ ಸುಖಾಂತ್ಯ ಲೇಖಕಿ ಮೊದಲೇ ಕೊಟ್ಟಿರುವ ಮಾತು. ಅಲ್ಲಿಗೆ ಹೇಗೆ ತಲುಪಿದಳು ಎಂಬುದನ್ನಷ್ಟೇ ನಾವು ನೋಡಬೇಕು.

ಅಮೆರಿಕ ಮತ್ತು ಬ್ರಿಟನ್ನಿನ ಪ್ರಕಾಶಕರು ಕ್ರಿಸ್‌ಮಸ್ ಪ್ರೇಮ ಕಾದಂಬರಿಗಳನ್ನು ಪ್ರತಿವರ್ಷ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಹೊರೆಹೊರೆಯಾಗಿ ಮಾರುಕಟ್ಟೆಗೆ ತರುತ್ತಾರೆ. ಮುಖಪುಟದಲ್ಲಿ ಹಿಮ, ಕೆಂಪು ಮಫ್ಲರ್, ಬಾಗಿಲಿಗೆ ಹಸಿರು ಹಾರ, ಆಗಾಗ ಒಂದು ನಾಯಿ. ದೂರದಿಂದ ಎಲ್ಲವೂ ಒಂದೇ. ಅವುಗಳಲ್ಲಿ ಕಾಳನ್ನು ಜೊಳ್ಳಿನಿಂದ ಬೇರ್ಪಡಿಸಲು ನನ್ನ ಪರೀಕ್ಷೆ ಒಂದೇ ಒಂದು: ಹಬ್ಬ ಕಥೆಯೊಳಗೆ ದುಡಿಯುತ್ತಿದೆಯೇ, ಬರಿದೇ ತೋರಣವಾಗಿ ನೇತಾಡುತ್ತಿದೆಯೇ?

ನೂರನೆಯ ಪುಟದ ಹೊತ್ತಿಗೆ ಪುಸ್ತಕ ಮುಚ್ಚಿ. ಮನಸ್ಸಿನಲ್ಲೇ ಹಿಮ ಕರಗಿಸಿ, ಮರವನ್ನು ಮನೆಯಿಂದ ಹೊರಗೆ ಹಾಕಿ, ದಿನಾಂಕವನ್ನು ಜುಲೈಗೆ ಸರಿಸಿ ನೋಡಿ. ನಗರದ ವಕೀಲೆಯೊಬ್ಬಳು ತೀರಿಕೊಂಡ ಸೋದರತ್ತೆಯ ಮನೆಯನ್ನು ಮಾರಲು ಸಣ್ಣ ಊರಿಗೆ ಬಂದು ಅಲ್ಲಿನ ಬಡಗಿಯನ್ನು ಪ್ರೀತಿಸಿದರೆ, ಅದು ಜುಲೈಯಲ್ಲೂ ನಡೆಯುತ್ತದೆ. ಅಲ್ಲಿ ಹಬ್ಬ ಬಾಡಿಗೆ ಅಲಂಕಾರ. ಆದರೆ ಹೋದ ಡಿಸೆಂಬರಿನಲ್ಲಿ ಹೆಂಡತಿಯನ್ನು ಕಳೆದುಕೊಂಡವನ ಮನೆಯಲ್ಲಿ ಆರು ವರ್ಷದ ಮಗಳು ಈ ಸಲವೂ ಮರ ಬೇಕೇ ಬೇಕು ಎಂದು ಹಟ ಹಿಡಿದಿದ್ದಾಳೆ, ಅಲಂಕಾರದ ಪೆಟ್ಟಿಗೆ ತೆರೆಯಲು ಅವನಿಗೆ ಕೈ ಬರುತ್ತಿಲ್ಲ ಎಂದುಕೊಳ್ಳಿ. ಇದನ್ನು ಯಾವ ತಿಂಗಳಿಗೂ ಸರಿಸಲಾಗದು. ಇಂಥದ್ದು ಸಿಕ್ಕಿದರೆ ಕಾಫಿ ಲೋಟ ತುಂಬಿಸಿಕೊಂಡು ಮುಂದುವರಿಯಿರಿ.

ಕೊಳ್ಳುವ ಮೊದಲು

ಹೊಸಬರು 400 ಪುಟದ ಕಾದಂಬರಿಗೆ ಕೈಹಾಕಬಾರದು. ಮೂರ್ನಾಲ್ಕು ಕಿರುಕಾದಂಬರಿಗಳನ್ನು ಒಂದೇ ರಟ್ಟಿನೊಳಗೆ ಸೇರಿಸಿದ ಕ್ರಿಸ್‌ಮಸ್ ಸಂಕಲನಗಳು ಸಿಗುತ್ತವೆ. ಒಂದು ಹಿಡಿಸದಿದ್ದರೆ ಇನ್ನೊಂದಕ್ಕೆ ದಾಟಬಹುದು. ಅದಾದ ಮೇಲೆ ಮಿಲ್ಸ್ ಅಂಡ್ ಬೂನ್ ಪ್ರಕಾಶನದ ಬಗೆಯ ತೆಳು ಪುಸ್ತಕಗಳು ಸರಿ: ಸುಮಾರು 50,000 ಪದ, 200 ಪುಟದ ಆಸುಪಾಸು. ನಾನು ಇಂಗ್ಲಿಷ್ ಓದಲು ಕಲಿತದ್ದೇ ಇವುಗಳಿಂದ. ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಕನ್ನಡ ಸಾಮಾಜಿಕ ಕಾದಂಬರಿಗಳ ಪಕ್ಕದ ಕಪಾಟಿನಲ್ಲಿರುತ್ತಿದ್ದವು. ದಿನದ ಬಾಡಿಗೆ ಎರಡಕ್ಕೂ ಒಂದೇ.

ಒಂದು ಎಚ್ಚರಿಕೆ. 1908ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮಿಲ್ಸ್ ಅಂಡ್ ಬೂನ್ ಅನ್ನು 1971ರಲ್ಲಿ ಕೆನಡಾದ ಹಾರ್ಲೆಕ್ವಿನ್ ಕೊಂಡಿತು. ಹೀಗಾಗಿ ಒಂದೇ ಕಾದಂಬರಿ ಬ್ರಿಟನ್ನಿನಲ್ಲಿ ಒಂದು ಹೆಸರಿನ ಮಾಲೆಯಲ್ಲಿ, ಅಮೆರಿಕದಲ್ಲಿ ಇನ್ನೊಂದು ಹೆಸರಿನ ಮಾಲೆಯಲ್ಲಿ ಬರುತ್ತದೆ, ಮುಖಪುಟವೂ ಬೇರೆಯಾಗಿರಬಹುದು. ಹಳೆಯ ಪುಸ್ತಕದಂಗಡಿಯಲ್ಲಿ ರಾಶಿ ಹಾಕಿಕೊಂಡು ಕುಳಿತಾಗ ಲೇಖಕಿಯ ಹೆಸರು ಮತ್ತು ಹಿಂಬದಿಯ ಕಥಾಸಾರ ಎರಡನ್ನೂ ನೋಡಿ.

ಮುಖ್ಯವಾಗಿ ಮಾಲೆಯಲ್ಲಿ ಅದು ಎಷ್ಟನೆಯ ಪುಸ್ತಕ ಎಂದು ನೋಡಿ. ಸಣ್ಣ ಊರು, ಐದಾರು ಮಂದಿ ಅಣ್ಣತಮ್ಮಂದಿರು, ತಲೆಗೊಂದು ಕಾದಂಬರಿ ಎಂಬ ವ್ಯವಸ್ಥೆ ಅಮೆರಿಕದಲ್ಲಿ ಬಹಳ. ಕ್ರಿಸ್‌ಮಸ್ ಕಥೆ ಆ ಸಾಲಿನ ಆರನೆಯದಾಗಿದ್ದರೆ, ಹಿಂದಿನ ಐದು ಪುಸ್ತಕಗಳಲ್ಲಿ ಮದುವೆಯಾದ ಐದು ಜೋಡಿಗಳೂ ಮಕ್ಕಳನ್ನೆತ್ತಿಕೊಂಡು ಊಟದ ಮೇಜಿಗೆ ಬರುತ್ತಾರೆ, ಆಲೂಗಡ್ಡೆ ಬಟ್ಟಲು ಕೈಯಿಂದ ಕೈಗೆ ದಾಟುತ್ತದೆ, ನಿಮಗೆ ಯಾರ ಪರಿಚಯವೂ ಇರುವುದಿಲ್ಲ. ಮೊದಲನೆಯದರಿಂದ ಶುರು ಮಾಡಿ, ಇಲ್ಲವೇ ಮಾಲೆಗೆ ಸೇರದ ಪುಸ್ತಕವನ್ನೇ ಆರಿಸಿ.

ಇನ್ನು ಹೆಂಗಸರು ನನ್ನ ಕಿವಿಯಲ್ಲಿ ಮಾತ್ರ ಕೇಳುವ ಪ್ರಶ್ನೆ: ಮಲಗುವ ಕೋಣೆಯ ಬಾಗಿಲು ತೆರೆದಿರುತ್ತದೆಯೇ, ಮುಚ್ಚಿರುತ್ತದೆಯೇ? ಮುಖಪುಟ ನೋಡಿ ನಿರ್ಧರಿಸಬೇಡಿ. ಈಚೆಗೆ ಮಕ್ಕಳ ಪುಸ್ತಕದ ಹಾಗೆ ಬಣ್ಣದ ಚಿತ್ರ ಹಾಕಿದ ಕಾದಂಬರಿಗಳೊಳಗೂ ಬಾಗಿಲು ಹಾರುಹೊಡೆದಿರುತ್ತದೆ. ಹಿಂಬದಿಯಲ್ಲಿ ‘ಸ್ವೀಟ್’, ‘ಕ್ಲೀನ್’ ಎಂದಿದ್ದರೆ ಮುತ್ತಿನವರೆಗೆ. ‘ಇನ್‌ಸ್ಪಿರೇಷನಲ್’ ಎಂದಿದ್ದರೆ ಜೊತೆಗೆ ಚರ್ಚು, ಪ್ರಾರ್ಥನೆಯೂ ಇರುತ್ತದೆ. ‘ಸ್ಟೀಮಿ’ ಎಂದಿದ್ದರೆ ಬಸ್ಸಿನಲ್ಲಿ ಪಕ್ಕದವರು ಇಣುಕದಂತೆ ಹಿಡಿದುಕೊಂಡು ಓದಿ. ನನಗೆ ಯಾವುದಾದರೂ ಸರಿ. ಯಾವುದು ಎಂದು ಮೊದಲೇ ಗೊತ್ತಿದ್ದರೆ ಸಾಕು.

ದಿನಾಂಕದ ಪಟ್ಟಿ

ಓದುವಾಗ ಕಾಗದದ ಉದ್ದನೆಯ ಪಟ್ಟಿಯೊಂದನ್ನು ಪುಟಗುರುತಾಗಿ ಇಟ್ಟುಕೊಳ್ಳಿ. ಕಥೆಯಲ್ಲಿ ದಿನ ಬದಲಾದಾಗಲೆಲ್ಲ ತಾರೀಖು ಬರೆಯಿರಿ, ನಾಯಕ ನಾಯಕಿ ಅಂದು ಎದುರುಬದುರಾದರೆ ಪಕ್ಕದಲ್ಲಿ ಒಂದು ಗೀಟು ಹಾಕಿ. ಇಷ್ಟೇ. ಈ ಪಟ್ಟಿಯಷ್ಟು ಈ ಪುಸ್ತಕಗಳ ಗುಟ್ಟು ಬಿಚ್ಚುವ ಸಾಧನ ಬೇರೆ ಇಲ್ಲ.

ಯಾಕೆಂದರೆ ಇಲ್ಲಿ ಲೇಖಕಿಯ ಕಷ್ಟವೆಲ್ಲ ಕಾಲದ್ದೇ. ಅಮೆರಿಕದ ಕಥೆ ಸಾಮಾನ್ಯವಾಗಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಶುರುವಾಗುತ್ತದೆ. ಅದು ನವೆಂಬರಿನ ನಾಲ್ಕನೆಯ ಗುರುವಾರ. ಎಂದರೆ 22ರಿಂದ 28ರ ನಡುವೆ ಬೀಳಬೇಕು. ಅಲ್ಲಿಂದ ಕ್ರಿಸ್‌ಮಸ್‌ಗೆ ಕಡಿಮೆಯೆಂದರೆ 27 ದಿನ, ಹೆಚ್ಚೆಂದರೆ 33. ಇಷ್ಟರೊಳಗೆ ಪರಿಚಯ, ಜಗಳ, ಮುತ್ತು, ಮುನಿಸು, ರಾಜಿ ಎಲ್ಲ ಮುಗಿಯಬೇಕು. ಸಾಮಾನ್ಯ ಪ್ರೇಮ ಕಾದಂಬರಿಗೆ ಒಂದು ವರ್ಷವನ್ನೇ ಬಳಸುವ ಸ್ವಾತಂತ್ರ್ಯವಿದೆ. ಇದಕ್ಕೆ ನಾಲ್ಕು ವಾರ. ನಮ್ಮ ವಾರಪತ್ರಿಕೆಯ ಧಾರಾವಾಹಿಗಳಲ್ಲಿ ಜಾತಕ, ವರದಕ್ಷಿಣೆ, ನಾಯಕನ ತಾಯಿಯ ಹೃದಯದ ಕಾಯಿಲೆ ಎಂದು ತಿಂಗಳುಗಟ್ಟಲೆ ಎಳೆಯುತ್ತಿದ್ದರು. ಇಲ್ಲಿ ಎಳೆಯಲು ಜಾಗವೇ ಇಲ್ಲ.

ಇದೊಂದು ತಿಳಿದರೆ, ಎಲ್ಲ ಕ್ರಿಸ್‌ಮಸ್ ಕಥೆಗಳೂ ಒಂದೇ ಥರ ಯಾಕೆ ಎಂಬುದು ಅರ್ಥವಾಗುತ್ತದೆ. ಹಳೆಯ ಪ್ರೇಮಿ ಹತ್ತು ವರ್ಷದ ನಂತರ ಅದೇ ಊರಿನಲ್ಲಿ ಸಿಗುವುದೇಕೆ? ಪರಿಚಯಕ್ಕೆ ಬೇಕಾದ ದಿನಗಳು ಉಳಿಯುತ್ತವೆ, ಹಳೆಯ ಗಾಯವೂ ಸಿದ್ಧವಾಗಿರುತ್ತದೆ. ಮನೆಯವರ ಕಾಟ ತಾಳಲಾರದೆ ನಾಯಕಿ ಸಹೋದ್ಯೋಗಿಯನ್ನು ಸುಳ್ಳು ವರನನ್ನಾಗಿ ಹಬ್ಬದ ಊಟಕ್ಕೆ ಕರೆತರುವುದೇಕೆ? ಮೂರನೆಯ ತಿಂಗಳಲ್ಲಿ ನಡೆಯಬೇಕಾದ ಕೈ ಹಿಡಿಯುವಿಕೆ, ಅಮ್ಮನ ತನಿಖೆ, ಒಂದೇ ಕೋಣೆ ಹಂಚಿಕೊಳ್ಳುವ ಪೇಚು ಎಲ್ಲವೂ ಮೊದಲ ವಾರವೇ ಬಂದುಬಿಡುತ್ತವೆ. ಹಿಮಪಾತದಲ್ಲಿ ರಸ್ತೆ ಮುಚ್ಚಿ ಇಬ್ಬರೇ ಬೆಟ್ಟದ ಮನೆಯಲ್ಲಿ ಸಿಕ್ಕಿಕೊಳ್ಳುವುದೇಕೆ? ಎರಡು ದಿನದಲ್ಲಿ ನಿದ್ದೆ ಕಳೆದರೂ 32 ಗಂಟೆ ಉಳಿಯುತ್ತದೆ. ವಾರಕ್ಕೆ ಎರಡು ಸಲ, ಸಲಕ್ಕೆ ಎರಡು ಗಂಟೆ ಎಂದು ಕಾಫಿ ಕುಡಿಯಲು ಹೋಗುವ ಜೋಡಿಗೆ ಅಷ್ಟು ಹೊತ್ತು ಸಿಗಲು ಎಂಟು ವಾರ ಬೇಕು. ಹಿಮ ಇಲ್ಲಿ ಅಂದಕ್ಕೆ ಬೀಳುವುದಿಲ್ಲ, ಗಂಟೆ ಸಂಪಾದಿಸಿಕೊಡಲು ಬೀಳುತ್ತದೆ.

ಪಟ್ಟಿಯಲ್ಲಿ ಗೀಟುಗಳು ವಿರಳವಾಗಿದ್ದು 24ರ ರಾತ್ರಿ ಉಂಗುರ ಹೊರಬಂದರೆ ಆ ಲೇಖಕಿ ಹಂತ ಬಿಟ್ಟು ಉತ್ತರ ಬರೆದಿದ್ದಾಳೆ. ಗೀಟುಗಳು ದಟ್ಟವಾಗಿದ್ದೂ ಕೊನೆಗೆ ಉಂಗುರವಿಲ್ಲದೆ ‘ಹೊಸ ವರ್ಷದಲ್ಲಿ ನೋಡೋಣ’ ಎಂಬಲ್ಲಿ ನಿಂತಿದ್ದರೆ ನನಗೆ ಅಂಥವಳ ಮೇಲೆ ಗೌರವ.

ಮುಕ್ಕಾಲು ಭಾಗ ಮುಗಿದಾಗ ಇಬ್ಬರೂ ಬೇರೆಯಾಗಿಯೇ ಆಗುತ್ತಾರೆ. ಪಟ್ಟಿಯಲ್ಲಿ ಅದು ಡಿಸೆಂಬರ್ 20ರಿಂದ 23ರೊಳಗೆ ಬರುತ್ತದೆ. ಅಲ್ಲಿ ನಿಂತು ಕೇಳಿಕೊಳ್ಳಿ: ಎರಡು ನಿಮಿಷ ಮಾತನಾಡಿದ್ದರೆ ಇದು ಬಗೆಹರಿಯುತ್ತಿತ್ತೇ? ಹೌದಾದರೆ ಅದು ಜಗಳವಲ್ಲ, ಪುಟ ತುಂಬಿಸುವ ಉಪಾಯ. ಅರ್ಧ ಕೇಳಿಸಿಕೊಂಡ ಫೋನ್ ಸಂಭಾಷಣೆಯಿಂದ ಮುರಿಯುವ ಪ್ರೀತಿಯನ್ನು ನಾನು ಕ್ಷಮಿಸುವುದಿಲ್ಲ. ಅವಳಿಗೆ ನ್ಯೂಯಾರ್ಕಿನಲ್ಲಿ ಬಡ್ತಿ ಸಿಕ್ಕಿದೆ, ಅವನಿಗೆ ತಂದೆಯ ತೋಟ ಬಿಡಲಾಗದು ಎಂಬುದು ನಿಜವಾದ ತೊಡಕು. ಅದನ್ನು ಲೇಖಕಿ ಹೇಗೆ ಬಿಡಿಸುತ್ತಾಳೆ ಎಂದು ಕಾದು ನೋಡಬಹುದು. ಹಿಮದಿಂದ ವಿಮಾನ ರದ್ದಾಗಿ ಅವಳು ಉಳಿದರೆ ಅದು ಹವಾಮಾನದ ನಿರ್ಧಾರ. ವಿಮಾನ ಸರಿಯಾದ ಹೊತ್ತಿಗೇ ಹೊರಟು, ಅವಳು ಹತ್ತದೆ ಉಳಿದರೆ ಅದು ಅವಳ ನಿರ್ಧಾರ.

ಗೊತ್ತಿದ್ದರೆ ಒಳ್ಳೆಯದು ಎನ್ನುವ ಸಂಗತಿಗಳು

ಹಿಮದ ವಿಷಯದಲ್ಲಿ ಊರು ನೋಡಿ ನಂಬಿ. ಅಮೆರಿಕದ ವರ್ಮಾಂಟ್, ಮಿನೆಸೋಟ ರಾಜ್ಯಗಳೆಂದರೆ ಡಿಸೆಂಬರಿನಲ್ಲಿ ಹಿಮ ಸಹಜ. ಇಂಗ್ಲೆಂಡಿನ ಹಳ್ಳಿಯಲ್ಲಿ ಪ್ರತಿ ಕ್ರಿಸ್‌ಮಸ್‌ಗೂ ಮೊಣಕಾಲುದ್ದ ಹಿಮ ಬೀಳುವುದು ಲೇಖಕಿಯ ಔದಾರ್ಯ. ಅಮೆರಿಕದ ಹವಾಮಾನ ಇಲಾಖೆ 25ರ ಬೆಳಗ್ಗೆ ನೆಲದ ಮೇಲೆ ಒಂದು ಅಂಗುಲವಾದರೂ ಇದ್ದರೆ ಮಾತ್ರ ಬಿಳಿ ಕ್ರಿಸ್‌ಮಸ್ ಎನ್ನುತ್ತದೆ. ಬ್ರಿಟನ್ನಿನದು ಆ ದಿನ ಒಂದೇ ಒಂದು ಹಿಮದ ಹೂವು ಬಿದ್ದದ್ದು ಕಂಡರೂ ಸಾಕು ಎನ್ನುತ್ತದೆ. ಬರಗಾಲದವರ ಅಳತೆಯೇ ಬೇರೆ.

ಮಗಳ ಮನೆ ಮಿನೆಸೋಟದಲ್ಲಿ. ಅಲ್ಲಿಗೆ ಹೋದ ಮೇಲೆ ಒಂದು ಸಂಗತಿ ತಿಳಿಯಿತು. ಮನೆಯ ಮುಂದಿನ ಕಾಲುದಾರಿಯ ಹಿಮವನ್ನು ಮನೆಯವರೇ ಸಲಿಕೆಯಿಂದ ಎತ್ತಿ ಹಾಕಬೇಕೆಂದು ಎಷ್ಟೋ ಊರುಗಳಲ್ಲಿ ನಿಯಮವಿದೆ. ಒದ್ದೆ ಹಿಮ ಎತ್ತಿದವರ ಸೊಂಟವನ್ನೇ ಕೇಳಬೇಕು. ಆದ್ದರಿಂದ ನಾಯಕಿ ಏಳುವ ಮೊದಲೇ ನೆರೆಮನೆಯವನು ಅವಳ ದಾರಿಯನ್ನು ತೆರವು ಮಾಡಿ, ಹೇಳದೆ ಹೋಗಿರುತ್ತಾನಲ್ಲ, ಆ ಸಾಲನ್ನು ಬೇಗ ದಾಟಬೇಡಿ. ವಜ್ರದ ಉಂಗುರಕ್ಕಿಂತ ದೊಡ್ಡ ಮಾತು ಅಲ್ಲಿದೆ.

ಕ್ರಿಸ್‌ಮಸ್ ಮರದ ತೋಟ ಈ ಕಥೆಗಳ ಅಚ್ಚುಮೆಚ್ಚಿನ ಜಾಗ. ಸಾಲದಲ್ಲಿ ಮುಳುಗಿದ ತೋಟ, ಊರಿಗೆ ಮರಳಿದ ಮಗಳು, ಒಂದೇ ಡಿಸೆಂಬರಿನಲ್ಲಿ ಉದ್ಧಾರ. ಮನೆಯೊಳಗೆ ಇಡುವಷ್ಟು ಎತ್ತರಕ್ಕೆ ಒಂದು ಮರ ಬೆಳೆಯಲು ಸರಾಸರಿ ಏಳು ವರ್ಷ ಬೇಕು ಎಂಬುದನ್ನು ನೆನಪಿಡಿ. ಈ ವರ್ಷ ಮಾರುವುದು ಏಳು ವರ್ಷದ ಹಿಂದೆ ಯಾರೋ ನೆಟ್ಟದ್ದು. ಅಡಿಕೆ, ತೆಂಗು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಇದನ್ನು ತಿಳಿದ ಲೇಖಕಿ ಸಸಿ ನೆಟ್ಟ ವರ್ಷವನ್ನೇ ಕಥೆಯ ಎಳೆಯಾಗಿಸುತ್ತಾಳೆ; ತಿಳಿಯದವಳು ಬಿಸಿ ಚಾಕೊಲೆಟ್ ಮಾರಿಸಿ ಬ್ಯಾಂಕಿನ ಸಾಲ ತೀರಿಸುತ್ತಾಳೆ.

ಮಿಸಲ್‌ಟೋ ಎಂಬುದು ಮರದ ಮೇಲೆ ಬೆಳೆಯುವ ಬಂದಳಿಕೆಯ ಜಾತಿಯದು. ಅದರ ಗೊಂಚಲನ್ನು ಚಾವಣಿಗೆ ತೂಗುಹಾಕಿ ಕೆಳಗೆ ನಿಂತವರಿಗೆ ಮುತ್ತು ಕೊಡುವುದು ಪದ್ಧತಿ. ಹಳೆಯ ಇಂಗ್ಲೆಂಡಿನಲ್ಲಿ ಒಂದು ಮುತ್ತಿಗೆ ಒಂದು ಬಿಳಿ ಹಣ್ಣು ಕಿತ್ತುಕೊಳ್ಳಬೇಕಿತ್ತು, ಹಣ್ಣು ಮುಗಿದರೆ ಹಕ್ಕೂ ಮುಗಿಯಿತು. ಐತಿಹಾಸಿಕ ಕಾದಂಬರಿಯಲ್ಲಿ ಕೊನೆಯ ಹಣ್ಣೊಂದು ಉಳಿದಿದೆ ಎಂದು ಬರೆದಿದ್ದರೆ ಕಿವಿ ನಿಮಿರಿಸಿ.

ಐತಿಹಾಸಿಕ ಎಂದರೆ ಬಹುಪಾಲು 1811ರಿಂದ 1820ರವರೆಗೆ, ರಾಜನ ಬದಲು ರಾಜಕುಮಾರ ಆಳುತ್ತಿದ್ದ ಇಂಗ್ಲೆಂಡಿನ ರೀಜೆನ್ಸಿ ಕಾಲ. ಡ್ಯೂಕು, ಕುದುರೆಗಾಡಿ, ಬಾಲ್ ನೃತ್ಯ. ಪೆನ್ಸಿಲ್ ಚೂಪು ಮಾಡಿಕೊಳ್ಳಿ, ನನಗಂತೂ ಇಲ್ಲಿ ಹಬ್ಬವೋ ಹಬ್ಬ. ಮನೆಯ ನಡುವೆ ದೀಪ ಹಚ್ಚಿದ ಕ್ರಿಸ್‌ಮಸ್ ಮರ ಇದ್ದರೆ ಸಂಶಯಪಡಿ. ರಾಣಿ ಷಾರ್ಲಟ್ 1800ರಲ್ಲಿ ವಿಂಡ್ಸರ್‌ನಲ್ಲಿ ಮರವೊಂದನ್ನು ಸಿಂಗರಿಸಿದ್ದು ನಿಜ. ಆದರೆ ಅದು ಜನರ ಮನೆಗಳಿಗೆ ಹಬ್ಬಿದ್ದು ರಾಣಿ ವಿಕ್ಟೋರಿಯಾ ಮತ್ತು ಅವಳ ಗಂಡ ಆಲ್ಬರ್ಟ್‌ರ ಕುಟುಂಬ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಪತ್ರಿಕೆಯಲ್ಲಿ ಅಚ್ಚಾದ ಮೇಲೆ. ಅಂಗಡಿಯಲ್ಲಿ ಮಾರುವ ಕ್ರಿಸ್‌ಮಸ್ ಕಾರ್ಡು 1843ರದು. ಎಳೆದರೆ ಪಟ್ಟೆನ್ನುವ ಕ್ರ್ಯಾಕರ್ ಕೂಡ 1840ರ ದಶಕದ್ದು. ಇವನ್ನೆಲ್ಲ 1815ಕ್ಕೆ ತಂದವಳು ಪುಸ್ತಕವನ್ನು ಅವಸರದಲ್ಲಿ ಬರೆದಿದ್ದಾಳೆ. ಜನವರಿ 6ರ ಹಿಂದುಮುಂದೆ ಕ್ರಿಸ್‌ಮಸ್ ದಿನಗಳನ್ನು ಮುಗಿಸುವ ಟ್ವೆಲ್ಫ್ತ್ ನೈಟ್ ಸಂತೋಷಕೂಟ, ದೊಡ್ಡ ಕೇಕು, ಚೀಟಿ ಎತ್ತಿ ಪಾತ್ರ ವಹಿಸುವ ಆಟ ಇದ್ದರೆ ಓದಿಕೊಂಡವಳು ಎಂದು ಒಪ್ಪಿ. ಹಿಮಕ್ಕಾದರೆ 1813–14ರ ಚಳಿಗಾಲ ಒಳ್ಳೆಯ ಆಯ್ಕೆ; ಆ ಫೆಬ್ರುವರಿಯಲ್ಲಿ ಥೇಮ್ಸ್ ನದಿ ಹೆಪ್ಪುಗಟ್ಟಿ ಅದರ ಮೇಲೆ ಜಾತ್ರೆಯೇ ನಡೆಯಿತು.

ನನಗೆ ಪ್ರಿಯವಾದ ಲೆಕ್ಕ ಮದುವೆಯದು. ಆ ಕಾಲದ ಇಂಗ್ಲೆಂಡಿನಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಚರ್ಚಿನಲ್ಲಿ ಘೋಷಣೆ ಓದಿಸಬೇಕು. ಡಿಸೆಂಬರ್ 25ರಿಂದ ಜನವರಿ 6ರವರೆಗೆ 13 ದಿನ. ಹೇಗೆ ಎಣಿಸಿದರೂ ಎರಡಕ್ಕಿಂತ ಹೆಚ್ಚು ಭಾನುವಾರ ಬರುವುದಿಲ್ಲ. ಕ್ರಿಸ್‌ಮಸ್ ದಿನ ಮೊದಲ ಸಲ ಕಂಡವಳನ್ನು ಟ್ವೆಲ್ಫ್ತ್ ನೈಟ್‌ಗೆ ಮದುವೆಯಾಗಬೇಕಾದರೆ ನಾಯಕ ಒಂದೋ ಘೋಷಣೆಯ ಬದಲು ಬಿಷಪ್ಪರ ಸಾಮಾನ್ಯ ಪರವಾನಗಿಯನ್ನೋ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರ ವಿಶೇಷ ಪರವಾನಗಿಯನ್ನೋ ತರಬೇಕು, ಇಲ್ಲವೇ ಘೋಷಣೆ ಬೇಕಿಲ್ಲದ ಸ್ಕಾಟ್‌ಲೆಂಡಿನ ಗಡಿಯ ಗ್ರೆಟ್ನಾ ಗ್ರೀನ್‌ಗೆ ಓಡಬೇಕು. ಆ ಚಳಿಯಲ್ಲಿ ವಿಶೇಷ ಪರವಾನಗಿಗಾಗಿ ಗಾಡಿ ಕಟ್ಟಿಸಿಕೊಂಡು ಲಂಡನ್ನಿಗೆ ಹೋದವನ ಪ್ರೀತಿಯನ್ನು ನಂಬಬಹುದು.

ಆ ಕಾಲದ ಸ್ಕಾಟ್‌ಲೆಂಡಿನ ಕೋಟೆಯಲ್ಲಿ ಅದ್ಧೂರಿ ಕ್ರಿಸ್‌ಮಸ್ ನಡೆದರೂ ಹುಬ್ಬೇರಿಸಿ. ಅಲ್ಲಿನ ಚರ್ಚಿಗೆ ಆ ಹಬ್ಬ ಒಗ್ಗುತ್ತಿರಲಿಲ್ಲ. ಕ್ರಿಸ್‌ಮಸ್ ದಿನಕ್ಕೆ ಸಾರ್ವಜನಿಕ ರಜೆ ಸಿಕ್ಕಿದ್ದೇ 1958ರಲ್ಲಿ. ಅವರ ಸಂಭ್ರಮವೆಲ್ಲ ವರ್ಷದ ಕೊನೆಯ ರಾತ್ರಿಯ ಹಾಗ್‌ಮನೇ ಹಬ್ಬಕ್ಕೆ ಮೀಸಲಾಗಿತ್ತು. ಮಧ್ಯರಾತ್ರಿ ಕಳೆದ ಮೇಲೆ ಹೊಸ್ತಿಲು ದಾಟುವ ಮೊದಲ ವ್ಯಕ್ತಿ ಕಪ್ಪುಗೂದಲ ಗಂಡಸಾಗಿದ್ದು, ಕೈಯಲ್ಲಿ ಕಲ್ಲಿದ್ದಲು ತಂದರೆ ಮನೆಗೆ ಶುಭ ಎಂಬ ನಂಬಿಕೆ. ಇಷ್ಟು ಚೆನ್ನಾದ ನಾಯಕ ಪ್ರವೇಶ ಇರುವಾಗ ಮರ ಯಾಕೆ ಬೇಕು?

ಯೆಹೂದಿಗಳ ದೀಪದ ಹಬ್ಬವಾದ ಹನುಕ್ಕಾದ ಕಥೆಗಳೂ ಈಗ ಬರುತ್ತಿವೆ. ಎಂಟು ರಾತ್ರಿ, ರಾತ್ರಿಗೊಂದು ದೀಪ ಹೆಚ್ಚು. ಎಂಟು ಅಧ್ಯಾಯ ಸಿದ್ಧ ಎಂಬುದು ಲೇಖಕಿಯರಿಗೆ ಅನುಕೂಲ. ಯೆಹೂದಿ ಪಂಚಾಂಗದ ಪ್ರಕಾರ ನಡೆಯುವುದರಿಂದ ತಾರೀಖು ವರ್ಷವರ್ಷ ಸರಿಯುತ್ತದೆ. 2024ರಲ್ಲಿ ಮೊದಲ ದೀಪ ಕ್ರಿಸ್‌ಮಸ್ ದಿನದ ಸಂಜೆಗೇ ಬಂದಿತ್ತು. ನಮಗೆ ಇದೇನೂ ಹೊಸದಲ್ಲ. ಆಸ್ಟ್ರೇಲಿಯಾದ ಕ್ರಿಸ್‌ಮಸ್ ಕಥೆ ಸಿಕ್ಕರೆ ಬಿಡಬೇಡಿ: ಅಲ್ಲಿ ಅದು ಬೇಸಿಗೆ. ಹಿಮವಿಲ್ಲ, ಬೆಂಕಿಗೂಡಿಲ್ಲ, ಹಬ್ಬವನ್ನು ದುಡಿಸದೆ ಲೇಖಕಿಗೆ ಬೇರೆ ದಾರಿಯೇ ಇಲ್ಲ.

ಬಿಡಬಹುದಾದ್ದು, ಓದುವ ಕಾಲ

ಕುಕಿ ಬೇಯಿಸುವ ಪುಟಗಳನ್ನು ಹಾರಿಸಿ. ದಾಲ್ಚಿನ್ನಿ, ಶುಂಠಿ, ಬೆಣ್ಣೆ ಎಂದು ಎರಡು ಪುಟ ಓದಿದರೆ ಉಳಿದ ಪುಸ್ತಕಗಳದ್ದೆಲ್ಲ ಓದಿದಂತೆ. ಆದರೆ ಅಡುಗೆಮನೆಯಲ್ಲಿ ಇಬ್ಬರಿದ್ದರೆ ಹಾರಿಸಬೇಡಿ, ಜಗಳ ಶುರುವಾಗುವುದು ಅಲ್ಲೇ. ‘ಒಂದು ವರ್ಷದ ನಂತರ’ ಎಂಬ ಕೊನೆಯ ಅಧ್ಯಾಯ ಓದುವುದು ಅವರವರ ರುಚಿ. ಅಲ್ಲಿ ಮಗು ಇರುತ್ತದೆ, ಇಲ್ಲವೇ ಮಗು ಬರುವ ಸುದ್ದಿ ಇರುತ್ತದೆ. ಮೂರನೆಯದೂ ಒಂದಿದೆ, ನಾಯಿಮರಿ.

ಒಂದಾದ ಮೇಲೊಂದು ಓದಬೇಡಿ. ಎರಡರ ನಡುವೆ ಕೊಲೆಯ ಪತ್ತೇದಾರಿಯೋ, ಯಾರದಾದರೂ ಆತ್ಮಚರಿತ್ರೆಯೋ ಇರಲಿ. ಇಲ್ಲವಾದರೆ ನಾಯಕಿಯರ ಹೆಸರು ಕಲಸಿಹೋಗಿ ಯಾವ ಬೇಕರಿ ಯಾರದ್ದು ಎಂದು ಗೊತ್ತಾಗುವುದಿಲ್ಲ.

ಡಿಸೆಂಬರಿನಲ್ಲೇ ಓದಬೇಕೆಂಬ ಕಟ್ಟಳೆಯೂ ಇಲ್ಲ. ಹೊರದೇಶದಲ್ಲಿರುವ ಕನ್ನಡಿಗರಿಗೆ ಸಾರ್ವಜನಿಕ ಗ್ರಂಥಾಲಯದ ಸೌಲಭ್ಯವಿದೆ. ಅಲ್ಲಿ ನವೆಂಬರಿನಲ್ಲಿ ಹೊಸ ಪುಸ್ತಕಕ್ಕೆ ಹೆಸರು ಬರೆಸಿದರೆ ಸರದಿ ಬರುವ ಹೊತ್ತಿಗೆ ಹಬ್ಬ ಮುಗಿದಿರುತ್ತದೆ. ಹಿಂದಿನ ವರ್ಷದ್ದನ್ನು ಕೇಳಿದರೆ ಬೇಗ ಸಿಗುತ್ತದೆ, ಪ್ರೀತಿಗೇನೂ ವಾಯಿದೆ ಮುಗಿದಿರುವುದಿಲ್ಲ. ಊರಿನಲ್ಲಿರುವವರು ಬೆಂಗಳೂರಿನ ಚರ್ಚ್ ಸ್ಟ್ರೀಟ್ ಕಡೆಗೆ ಹೋದಾಗ ಹಳೆಯ ಪುಸ್ತಕಗಳ ಅಂಗಡಿಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹುಡುಕಲಿ. ಆಗ ಕೆಂಪು ಹಸಿರು ಮುಖಪುಟದ ಕಡೆ ಬೇರೆ ಯಾರೂ ಕಣ್ಣು ಹಾಯಿಸುವುದಿಲ್ಲ, ಕಟ್ಟು ಕೊಂಡರೆ ಚೌಕಾಸಿಗೂ ದಾರಿಯಿದೆ. ಕೊಳ್ಳುವಾಗ ಕೊನೆಯ ಪುಟ ಇದೆಯೇ ಎಂದು ನೋಡಿಕೊಳ್ಳಿ.